ಟ್ಯಾಂಕಿನ ಅಡಿಯ ನಟ್ಟು

ನನಗೆ ಡಿಪ್ಲೊಮಾ ಬಂದ ವರ್ಷವೇ ನಮ್ಮ ಲಾರಿಗೆ ದಮ್ಮು ಹತ್ತಿತು. ಎರಡಕ್ಕೂ ಸಂಬಂಧವಿಲ್ಲ ಎಂದು ನಾನು ಬಹಳ ದಿನ ವಾದಿಸಿದೆ. ಸಂಬಂಧವಿತ್ತು. ಅದನ್ನು ಒಪ್ಪಿಕೊಳ್ಳುವಷ್ಟರಲ್ಲಿ ಎರಡು ಪಂಪು, ಒಬ್ಬ ಒಳ್ಳೆಯ ಡ್ರೈವರು ಮತ್ತು ನನ್ನ ಅರ್ಧ ಮರ್ಯಾದೆ ಹೋಗಿದ್ದವು. ಉಳಿದರ್ಧ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಊರು ಆಗ ಪೀಣ್ಯದ ಮಗ್ಗುಲಲ್ಲಿತ್ತು, ಈಗ ಅದರ ಹೊಟ್ಟೆಯೊಳಗಿದೆ. ಜಮೀನು ಕಾರ್ಖಾನೆಗಳಿಗೆ ಹೋದ ಮೇಲೆ ಊರಿನ ಜಾಣರೆಲ್ಲ ವಠಾರ ಕಟ್ಟಿ ಬಾಡಿಗೆಗೆ ಬಿಟ್ಟರು. ಅಪ್ಪ ಹರಾಜಿನಲ್ಲಿ ಒಂದು ಹಳೆಯ ಲಾರಿ ಹಿಡಿದುಕೊಂಡು ಬಂದರು. ಉದ್ದ ಮೂತಿಯ, ಒಂದು ಕಣ್ಣು ಸ್ವಲ್ಪ ಮೆಳ್ಳಗಿದ್ದ ಲಾರಿ. ಕಣದ ಅಂಚಿನ ಹೊಂಗೆ ಮರದ ಕೆಳಗೆ, ಹಿಂದೆ ಎತ್ತು ಕಟ್ಟುತ್ತಿದ್ದ ಜಾಗದಲ್ಲೇ ಅದನ್ನು ನಿಲ್ಲಿಸಿದರು. ಅಜ್ಜಿ, ಅಂದರೆ ಅಪ್ಪನ ತಾಯಿ, ಆರತಿ ಎತ್ತಿ, ಬಾನೆಟ್ಟಿನ ಹಣೆಗೆ ಅರಿಶಿನ ಕುಂಕುಮ ಇಟ್ಟು, ಹಳೆಯ ಅಭ್ಯಾಸ ನೋಡಿ, ಮೂತಿಯ ಮುಂದೆ ಒಂದು ಹಿಡಿ ಹುಲ್ಲನ್ನೂ ಹಿಡಿದಳು. ಲಾರಿ ತಿನ್ನಲಿಲ್ಲ. ಹೊಸ ಜಾಗ, ಒಗ್ಗಿಕೊಳ್ಳಲಿ ಎಂದು ಒಳಗೆ ಹೋದಳು.

ಲಾರಿಯ ಕೆಲಸ ಪೀಣ್ಯದ ಒಂದು ಫೌಂಡ್ರಿಯಿಂದ ಎರಕದ ಸಾಮಾನು ಹೊತ್ತು ತುಮಕೂರಿಗೆ ಇಳಿಸುವುದು. ಫೌಂಡ್ರಿಗೆ ಶುಕ್ರವಾರ ವಾರದ ರಜೆ, ಆದ್ದರಿಂದ ನಮ್ಮ ಲಾರಿಗೂ ಶುಕ್ರವಾರ ರಜೆ. ಅವತ್ತು ಸಂಜೆ ಅಜ್ಜಿ ಹಿತ್ತಾಳೆ ಚೊಂಬು ಹಿಡಿದು ಊರಮ್ಮನ ಗುಡಿಗೆ ಹೋಗಿ ಬಂದು, ಲಾರಿಗೆ ಮೂರು ಸುತ್ತು ಬಂದು, ಪೂಜೆ ಮಾಡುತ್ತಿದ್ದಳು. ಹುಟ್ಟಿದಾಗಿನಿಂದ ಅಜ್ಜಿಯ ಪೂಜೆ ನೋಡಿದ ನಮಗೆ ಅದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಕಾಗೆ ಕೂಗಿದ್ದನ್ನು ಯಾರು ಲೆಕ್ಕವಿಡುತ್ತಾರೆ?

ಲಾರಿ ಓಡಿಸುತ್ತಿದ್ದವನು ಮಾಗಡಿ ಕಡೆಯವನು, ಐವತ್ತರ ಹತ್ತಿರದ ಒಂಟಿ ಮನುಷ್ಯ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಲಾರಿ ಬಂದ ದಿನದಿಂದ ಏಳು ವರ್ಷ ನಮ್ಮ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿದ್ದು, ಅಜ್ಜಿ ಬಡಿಸಿದ ಮುದ್ದೆ ಉಂಡುಕೊಂಡಿದ್ದ. ನಾವು ಅವನನ್ನು ಡ್ರೈವರಣ್ಣ ಎನ್ನುತ್ತಿದ್ದೆವು. ಅವನು ನನ್ನನ್ನು ಮಗಾ ಎನ್ನುತ್ತಿದ್ದ. ತುಮಕೂರು ರಸ್ತೆಯ ಉದ್ದಕ್ಕೂ ಅವನ ಕೈ ಶುದ್ಧ ಎಂಬ ಮಾತಿತ್ತು. ಲಾರಿ ಡ್ರೈವರಿಗೆ ಆ ಹೆಸರು ಬರುವುದು ಹುಲಿಗೆ ಸಸ್ಯಾಹಾರಿ ಎಂಬ ಹೆಸರು ಬಂದ ಹಾಗೆ.

ಅವನದೊಂದು ಪದ್ಧತಿ ಇತ್ತು. ಶನಿವಾರ ಬೆಳಿಗ್ಗೆ ಇಂಜಿನ್ ಶುರು ಮಾಡುವ ಮೊದಲು ಡೀಸೆಲ್ ಟ್ಯಾಂಕಿನ ಅಡಿಗೆ ತೂರಿ, ತಳದ ನಟ್ಟನ್ನು ಎರಡು ಸುತ್ತು ಸಡಿಲಿಸಿ, ಹಳೇ ಬಣ್ಣದ ಡಬ್ಬಿಯೊಳಕ್ಕೆ ಒಂದಿಷ್ಟು ಬಿಟ್ಟುಕೊಳ್ಳುತ್ತಿದ್ದ. ಮತ್ತೆ ಬಿಗಿ ಮಾಡಿ, ಡಬ್ಬಿಯಲ್ಲಿದ್ದುದನ್ನು ಹೊಂಗೆ ಮರದ ಬುಡಕ್ಕೆ ಹಾಕಿ ಬರುತ್ತಿದ್ದ. ಶನಿವಾರ ಮಾತ್ರ ಮಾಡುತ್ತಿದ್ದುದರಿಂದ ಇದು ಶನಿ ಕಾಟಕ್ಕೆ ಯಾವುದೋ ಪರಿಹಾರವಿರಬೇಕು ಎಂದು ಅಪ್ಪ ಸುಮ್ಮನಿದ್ದರು. ಆ ಮರದ ಒಂದು ಪಕ್ಕದ ಎಲೆ ಸದಾ ಬಾಡಿಕೊಂಡಿರುತ್ತಿತ್ತು, ಅದಕ್ಕೂ ಶನಿಯೇ ಕಾರಣ ಎಂದುಕೊಂಡಿದ್ದೆವು.

ಹೀಗೆ ಎಲ್ಲವೂ ನೆಟ್ಟಗಿದ್ದಾಗ ನಾನು ಪಾಸಾದೆ.

ಮೆಕ್ಯಾನಿಕಲ್ ಡಿಪ್ಲೊಮಾ. ನಮ್ಮ ವಂಶದಲ್ಲಿ ಮೊದಲನೆಯದು. ಇಂಜಿನನ್ನು ಉದ್ದಕ್ಕೆ ಸೀಳಿದ ಚಿತ್ರ ಕೊಟ್ಟರೆ ಹೆಸರು ಹೇಳದ ಭಾಗವೇ ಇರಲಿಲ್ಲ. ಸೀಳದ ಇಂಜಿನ್ ಎದುರಿಗೆ ನಿಲ್ಲಿಸಿದರೆ ಮಾತ್ರ ಯಾವುದು ಎಲ್ಲಿದೆ ಎಂದು ತಿಳಿಯುತ್ತಿರಲಿಲ್ಲ. ಈ ಗುಟ್ಟು ನನ್ನೊಬ್ಬನಲ್ಲೇ ಇತ್ತು. ಕೆಲಸದ ಕಾಗದ ಬರುವ ತನಕ ಮನೆಯಲ್ಲಿ ಸುಮ್ಮನೆ ಕೂರುವುದು ಬೇಡ ಎಂದು ಅಪ್ಪ ಲಾರಿಯ ಉಸ್ತುವಾರಿ ನನಗೆ ವಹಿಸಿದರು.

"ಮನೇಲೇ ಇಂಜಿನಿಯರ್ ಇದ್ಮೇಲೆ ಬೇರೆಯೋರ ಮಾತ್ಯಾಕೆ?" ಎಂದರು.

ಅಲ್ಪವಿದ್ಯಾ ಮಹಾಗರ್ವಿ ಎನ್ನುತ್ತಾರೆ. ನನ್ನ ವಿದ್ಯೆ ಅಲ್ಪವೂ ಅಲ್ಲ, ಮೂರು ವರ್ಷದ್ದು. ಗರ್ವವೂ ಅದೇ ಪ್ರಮಾಣದಲ್ಲಿತ್ತು. ಮೊದಲ ಶನಿವಾರವೇ ದಪ್ಪ ಪಠ್ಯಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಕಣಕ್ಕೆ ಇಳಿದೆ. ಟ್ಯಾಂಕಿನ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು.

"ಡ್ರೈವರಣ್ಣ, ಏನ್ ಮಾಡ್ತಿದ್ದೀಯ?"

"ಏನಿಲ್ಲ ಮಗಾ. ತಳದಲ್ಲಿರೋದ್ನ ಒಸಿ ಬಿಡ್ತಾ ಇವ್ನಿ."

"ಡೀಸೆಲ್ ಚೆಲ್ತಾ ಇದ್ದೀಯಾ?"

"ಡೀಸೆಲ್ ಅಲ್ಲ ಕಣೋ, ನೀರು. ಅಡೀಲಿ ನಿಂತಿರ್ತದೆ."

"ಮುಚ್ಚಳ ಹಾಕಿರೋ ಟ್ಯಾಂಕಿಗೆ ನೀರು ಎಲ್ಲಿಂದ ಬರುತ್ತೆ?"

ಅವನು ಹೊರಗೆ ಬಂದು ಮೈ ಕೊಡವಿಕೊಂಡು ಜಗಲಿಯ ಕಡೆ ನೋಡಿದ. ಜಗಲಿಯ ಮೇಲೆ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. "ಬತ್ತದೆ ಮಗಾ. ಹಳೇ ಲಾರಿ ಅಲ್ವಾ" ಎಂದ.

'ಹಳೇ ಲಾರಿ ಅಲ್ವಾ' ಎಂಬುದಕ್ಕೆ ಪಾಲಿಟೆಕ್ನಿಕ್ಕಿನಲ್ಲಿ ಸೊನ್ನೆ ಅಂಕ. ನಾನು ಡಬ್ಬಿಗೆ ಮೂಗು ಹಿಡಿದೆ. ಡೀಸೆಲ್ ವಾಸನೆ ಹೊಡೆಯಿತು. ಟ್ಯಾಂಕಿನೊಳಗಿಂದ ಬಂದದ್ದಕ್ಕೆ ಮಲ್ಲಿಗೆಯ ವಾಸನೆ ಬರುವುದಿಲ್ಲ ಎಂಬುದು ಹೊಳೆಯಲಿಲ್ಲ. ಡಬ್ಬಿಯ ತುಂಬ ಡೀಸೆಲ್ಲೇ ಇದೆ, ಇದು ಬರೀ ದಂಡ ಎಂದು ತೀರ್ಮಾನಿಸಿದೆ. ಪಾನ, ಸ್ಪ್ಯಾನರುಗಳಿದ್ದ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಜನಿವಾರವಿಲ್ಲದ ಕೊರಳಿಗೆ ದಾರ ಕಟ್ಟಿ ನೇತು ಹಾಕಿಕೊಂಡೆ. ತಳದ ನಟ್ಟಿಗೆ, ಕರೆಂಟ್ ಮೀಟರಿಗೆ ಹಾಕುತ್ತಾರಲ್ಲ, ಅಂಥದೇ ತಂತಿ ಸುತ್ತಿ ಸೀಸದ ಮುದ್ರೆ ಒತ್ತಿದೆ.

"ಇನ್ಮೇಲೆ ನನ್ನ ಕೇಳ್ದೆ ಇದನ್ನ ಮುಟ್ಟೋ ಹಾಗಿಲ್ಲ" ಎಂದೆ.

ಅವನು ಕೈಯ ಎಣ್ಣೆಯನ್ನು ಚಿಂದಿಗೆ ಒರೆಸಿಕೊಂಡ. "ಆಗ್ಲಿ ಸಾರ್" ಎಂದ.

ಅವನು ನನ್ನನ್ನು ಸಾರ್ ಎಂದದ್ದು ಅದೇ ಮೊದಲು. ನನಗೆ ಎಷ್ಟು ಖುಷಿಯಾಯಿತೆಂದರೆ ಅಂದು ಎರಡು ಮುದ್ದೆ ಜಾಸ್ತಿ ತಿಂದೆ.

ಐದನೆಯ ವಾರಕ್ಕೆ ಲಾರಿ ದಾಸರಹಳ್ಳಿಯ ಏರಿನಲ್ಲಿ ಕೆಮ್ಮಿತು. ಸಪಾಟು ರಸ್ತೆಯಲ್ಲಿ ಸರಿಯಾಗಿಯೇ ಬರುತ್ತಿತ್ತು. ಭಾರ ಹೊತ್ತು ಏರು ಹತ್ತಬೇಕು ಎಂದಾಗ ಬಿಕ್ಕಿ, ಉಸಿರು ಕಟ್ಟಿ, ನಿಂತುಬಿಡುತ್ತಿತ್ತು. ಡ್ರೈವರಣ್ಣ ಇಳಿದು ಬಾನೆಟ್ ಎತ್ತಿ, ಇಂಜಿನ್ ಪಕ್ಕದ ಸಣ್ಣ ಗುಂಡಿಯೊಂದನ್ನು ಹೆಬ್ಬೆರಳಿನಲ್ಲಿ ಇಪ್ಪತ್ತು ಮೂವತ್ತು ಸಲ ಒತ್ತುತ್ತಿದ್ದ. ಮತ್ತೆ ಹೊರಡುತ್ತಿತ್ತು. ಅರ್ಧ ಫರ್ಲಾಂಗು ಹೋಗಿ ಮತ್ತೆ ನಿಲ್ಲುತ್ತಿತ್ತು. ಹಿಂದೆ ಬಸ್ಸುಗಳು ಸಾಲುಗಟ್ಟಿ, ಅವುಗಳ ಡ್ರೈವರುಗಳು ನಮ್ಮ ವಂಶದ ಹೆಂಗಸರನ್ನೆಲ್ಲ ನೆನೆಸಿಕೊಳ್ಳುತ್ತಿದ್ದರು.

"ಸಾರ್, ಆ ನಟ್ಟು ಒಂದ್ಸಲ ಬಿಚ್ಲಾ?" ಎಂದು ಡ್ರೈವರಣ್ಣ ಕೇಳಿದ.

"ನಟ್ಟಿಗೂ ಏರಿಗೂ ಏನ್ ಸಂಬಂಧ? ಸುಮ್ನಿರು."

ಏರಿನ ಬುಡದಲ್ಲಿ ಒಂದು ಟೀ ಅಂಗಡಿ ಇತ್ತು. ನಮ್ಮ ಲಾರಿ ಅಲ್ಲೇ ನಿಲ್ಲುತ್ತಿದ್ದುದರಿಂದ ಅಂಗಡಿಯವನ ವ್ಯಾಪಾರ ಕುದುರಿತು. ಟೀ ಕುಡಿಯುವವರೆಲ್ಲ ಡಾಕ್ಟರುಗಳೇ. ಇಂಜಿನ್ ಸವೆದು ಬೋರಿಗೆ ಬಂದಿದೆ ಎಂದನೊಬ್ಬ. ಸೈಲೆನ್ಸರಿನಲ್ಲಿ ಇಲಿ ಗೂಡು ಕಟ್ಟಿದೆ ಎಂದ ಇನ್ನೊಬ್ಬ. ಈ ಜಾಗದಲ್ಲಿ ಹಿಂದೆ ಒಂದು ಗಾಡಿ ಮಗುಚಿತ್ತು, ಕುಂಬಳಕಾಯಿ ಒಡೆಯದೆ ಆಗಲ್ಲ ಎಂದು ಮೂರನೆಯವನು ಹೇಳಿದ್ದು ಅಪ್ಪನಿಗೆ ಹಿಡಿಸಿತು. ಒಡೆದರು. ಮಾರನೆಯ ದಿನ ಲಾರಿ ಆ ಕುಂಬಳಕಾಯಿಯ ಚೂರುಗಳ ಮೇಲೆಯೇ ನಿಂತಿತು.

ನಾನು ಪುಸ್ತಕದ ಪ್ರಕಾರ ಹೋದೆ. ಪುಸ್ತಕದಲ್ಲಿ ಇಂಜಿನ್ ನಿಲ್ಲುವುದಕ್ಕೆ ಹದಿನಾಲ್ಕು ಕಾರಣಗಳಿದ್ದವು. ನಾನು ಮೊದಲನೆಯದರಿಂದ ಶುರು ಮಾಡಿದೆ. ಗಾಳಿ ಜರಡಿ ಬಿಚ್ಚಿ ತೊಳೆದೆ, ಕೊಳವೆಗಳನ್ನೆಲ್ಲ ಊದಿ ನೋಡಿದೆ, ಬಾಯಿತುಂಬ ಡೀಸೆಲ್ ಕುಡಿದೆ. ಹದಿನಾಲ್ಕರಲ್ಲಿ ಒಂಬತ್ತು ಮುಗಿಸುವ ಹೊತ್ತಿಗೆ ಎರಡು ವಾರ ಕಳೆಯಿತು. ಫೌಂಡ್ರಿಯವರು ಇನ್ನೊಂದು ಲಾರಿ ನೋಡಿಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದರು. ಅಪ್ಪ ನನ್ನ ಕಡೆ ನೋಡುವುದನ್ನು ಬಿಟ್ಟು ಯಶವಂತಪುರದಿಂದ ಮೇಸ್ತ್ರಿಯನ್ನು ಕರೆಸಿದರು.

ಮೇಸ್ತ್ರಿ ಪುಸ್ತಕ ತರಲಿಲ್ಲ, ಬೀಡಿ ತಂದಿದ್ದ. ಹೊಂಗೆ ಮರದ ಕೆಳಗೆ ಬಾನೆಟ್ ಎತ್ತಿ, ಹದಿನೈದು ನಿಮಿಷ ಏನೂ ಮಾಡದೆ ನೋಡಿದ. ಆಮೇಲೆ ಒಂದು ಕೊಳವೆಯ ತುದಿ ಬಿಚ್ಚಿ ಕೆಳಗೆ ಡಬ್ಬಿ ಹಿಡಿದು, "ಸೆಲ್ಫ್ ಹೊಡಿ" ಎಂದ. ಡ್ರೈವರಣ್ಣ ಹೊಡೆದ. ಕೊಳವೆಯಿಂದ ಡೀಸೆಲ್ ಚಿಮ್ಮಬೇಕಿತ್ತು. ಬಂದದ್ದು ಮುದುಕ ಉಗುಳಿದಷ್ಟು.

"ನೋಡಿ ಸಾರ್. ಟ್ಯಾಂಕಿಂದ ಡೀಸೆಲ್ ಎಳ್ಕೊಂಡ್ ಬರೋದು ಈ ಫೀಡ್ ಪಂಪು. ಇದಕ್ಕೇ ದಮ್ ಇಲ್ಲ. ಸಪಾಟಲ್ಲಿ ಹೆಂಗೋ ಎಳೀತದೆ, ಏರಲ್ಲಿ ಜಾಸ್ತಿ ಬೇಕಲ್ಲ, ಎಲ್ಲಿಂದ ತರ್ತದೆ?"

ಫೀಡ್ ಪಂಪು ನನ್ನ ಪಟ್ಟಿಯಲ್ಲಿ ಹತ್ತನೆಯದಾಗಿತ್ತು. ಇನ್ನೊಂದೇ ದಿನ ಬಿಟ್ಟಿದ್ದರೆ ನಾನೇ ಹಿಡಿಯುತ್ತಿದ್ದೆ ಎಂದೆ. ಮೇಸ್ತ್ರಿ ಇನ್ನೊಂದು ಬೀಡಿ ಹಚ್ಚಿದ.

ಹೊಸ ಪಂಪು ಕೂರಿಸುವ ಕೆಲಸವನ್ನಾದರೂ ನನಗೆ ಬಿಡಿ ಎಂದು ಹಟ ಹಿಡಿದೆ. ಅಂಗೈ ಅಗಲದ ಕಬ್ಬಿಣದ ತುಂಡು, ಎರಡು ಕಡೆ ಎರಡು ಕೊಳವೆ, ಇಂಜಿನಿಗೆ ಕಚ್ಚಿಸುವ ಬೋಲ್ಟುಗಳು, ನಡುವೆ ಒಂದು ಕಾಗದದ ಗ್ಯಾಸ್ಕೆಟ್ಟು. ಊರಿನ ಅರ್ಧ ಜನ ನೋಡುತ್ತಿದ್ದರು. ಕೂರಿಸಿ, ಕೈ ಒರೆಸಿಕೊಂಡು, ಸೆಲ್ಫ್ ಹೊಡೆಯಲು ಸನ್ನೆ ಮಾಡಿದೆ. ಇಂಜಿನ್ ಗರಗರ ಎಂದಿತು, ಹಿಡಿಯಲಿಲ್ಲ. ಮತ್ತೆ ಹೊಡೆಸಿದೆ. ಬ್ಯಾಟರಿ ಇಳಿಯುತ್ತ ಬಂತು. ಮೇಸ್ತ್ರಿ ಬೀಡಿ ಹೊಗೆಯ ಹಿಂದೆ ಮುಗುಳುನಗುತ್ತ ಕೂತಿದ್ದ.

"ಕೊಳವೆ ಒಳಗಿನ ಗಾಳಿ ತೆಗೀಬೇಕು ಸಾರ್" ಎಂದ ಡ್ರೈವರಣ್ಣ, ನನಗೊಬ್ಬನಿಗೇ ಕೇಳಿಸುವಂತೆ.

"ಗೊತ್ತು" ಎಂದೆ. ಗೊತ್ತಿರಲಿಲ್ಲ. ಅವನು ಮೂಗಿನ ತುದಿಯಿಂದ ತೋರಿಸಿದ ಸ್ಕ್ರೂವನ್ನೇ ಸಡಿಲಿಸಿ, ಪಂಪಿನ ಗುಂಡಿಯನ್ನು ಒತ್ತುತ್ತ ಹೋದೆ. ನೊರೆ ಬಂತು, ಗುಳ್ಳೆ ಬಂತು, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್ ಬಂತು. ಸ್ಕ್ರೂ ಬಿಗಿದು ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಗುಡುಗಿತು. ಜನ ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಮೇಸ್ತ್ರಿ ಹಳೆಯ ಪಂಪನ್ನು ಬಿಚ್ಚಿ ಅಂಗೈ ಮೇಲೆ ಹರಡಿದ. ಒಳಗಿನ ಸ್ಪ್ರಿಂಗು, ಪಿಸ್ಟನ್ನು ಎಲ್ಲ ತುಕ್ಕು ಹಿಡಿದು ಅಂಟಿಕೊಂಡಿದ್ದವು. ಸಂದಿಯಲ್ಲಿ ಹಳದಿ ಕೆಸರು.

"ನೀರು ಬಿದ್ದಿದೆ ಸಾರ್. ಡೀಸೆಲ್‌ನಲ್ಲಿ ಜಾಸ್ತಿ ನೀರಿದೆ. ಈ ಹಳದಿ ಏನೋ ತಿಳೀತಿಲ್ಲ. ಅರಿಶಿನದ ತರ ಐತೆ."

"ಅರಿಶಿನ ಅಲ್ಲ ಮೇಸ್ತ್ರಿ, ಗಂಧಕ. ಡೀಸೆಲ್‌ನಲ್ಲಿ ಗಂಧಕ ಇರುತ್ತೆ" ಎಂದು ನಾನು ನಕ್ಕೆ.

ನನ್ನ ಮುದ್ರೆಯನ್ನು ನಾನೇ ಒಡೆದು ತಳದ ನಟ್ಟು ಬಿಚ್ಚಿದೆವು. ಒಂದು ತಂಬಿಗೆಯಲ್ಲ, ಅರ್ಧ ಬಿಂದಿಗೆ ನೀರು ಬಂತು. ಊರೆಲ್ಲ ಮೂಗಿನ ಮೇಲೆ ಬೆರಳಿಟ್ಟಿತು. ಮುಚ್ಚಿದ ಟ್ಯಾಂಕಿಗೆ ಅಷ್ಟು ನೀರು ಎಲ್ಲಿಂದ?

ನನ್ನ ತಲೆ ಆ ದಿನ ಓಡಿದಷ್ಟು ಜೋರಾಗಿ ನಮ್ಮ ಲಾರಿ ಎಂದೂ ಓಡಿರಲಿಲ್ಲ. ತಳದ ಮುದ್ರೆ ಒಡೆದಿಲ್ಲ. ಆದ್ದರಿಂದ ಡೀಸೆಲ್ ಕದಿಯುವವನು ಮೇಲಿನ ಬಾಯಿಯಿಂದಲೇ ಕೊಳವೆ ಹಾಕಿ ಎಳೆಯುತ್ತಿದ್ದಾನೆ. ಕಡಿಮೆಯಾದದ್ದು ಗೊತ್ತಾಗದಿರಲೆಂದು ನೀರು ತುಂಬುತ್ತಿದ್ದಾನೆ. ಹಿಂದೆ ಕೆಳಗಿನಿಂದ ಕದಿಯುತ್ತಿದ್ದವನಿಗೆ ನಾನು ಮುದ್ರೆ ಹಾಕಿ ದಾರಿ ಮುಚ್ಚಿದ್ದರಿಂದ ಈ ಹೊಸ ದಾರಿ. ಇದನ್ನು ಜಗಲಿಯ ಮೇಲೆ ನಿಂತು, ಬೋರ್ಡಿನ ಮೇಲೆ ಪ್ರಮೇಯ ಸಾಧಿಸುವ ಮೇಷ್ಟರ ಹಾಗೆ, ಎಲ್ಲರೆದುರು ಸಾಧಿಸಿದೆ.

ಅಪ್ಪ ತಲೆ ಕೆರೆದುಕೊಂಡರು. "ಏಳು ವರ್ಷ ಆಯ್ತು ಕಣೋ. ಅವ್ನು ಅಂಥೋನಲ್ಲ" ಎಂದರು.

"ಹಾಗಾದ್ರೆ ನೀರು ಹಾಕಿದ್ಯಾರಪ್ಪ? ನೀನಾ, ನಾನಾ, ಅಜ್ಜೀನಾ?"

ಅಜ್ಜಿ ಮೊರದಲ್ಲಿ ರಾಗಿ ಕೇರುತ್ತ ಅಲ್ಲೇ ಕೂತಿದ್ದಳು. ಕೇರುವುದನ್ನು ನಿಲ್ಲಿಸಿ, "ನೀರು ಹಾಕಾಕೆ ನಂಗೇನ್ ಹುಚ್ಚೇನ್ಲಾ? ಎಣ್ಣೆಗೆ ನೀರು ಹಾಕ್ಬಾರ್ದು ಅಂತ ಎಳೇ ಮಗೀಗೂ ಗೊತ್ತು. ಆದ್ರೆ ಇವ್ನೂ ಹಾಕಿರಾಕಿಲ್ಲ ಬುಡು" ಎಂದಳು. ಆ ಮುಖದಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ.

ಡ್ರೈವರಣ್ಣ ಅವಳನ್ನೇ ನೋಡುತ್ತಿದ್ದ. ಏನೋ ಹೇಳಲು ಬಾಯಿ ತೆರೆದವನು ಅವಳು ಹಾಗೆಂದ ಮೇಲೆ ಮುಚ್ಚಿಕೊಂಡ. ಸೊಂಟದಿಂದ ಲಾರಿಯ ಕೀಲಿ ಬಿಚ್ಚಿ ಅಪ್ಪನ ಪಕ್ಕದಲ್ಲಿಟ್ಟ.

"ನಾನು ಕದ್ದಿಲ್ಲ ಯಜಮಾನ್ರೇ. ಇನ್ನೇನೂ ಹೇಳಾಕಿಲ್ಲ."

"ಕದ್ದಿಲ್ಲ ಅಂದ್ರೆ ನೀರು ಎಲ್ಲಿಂದ ಬಂತು ಹೇಳು" ಎಂದೆ ನಾನು.

"ಗೊತ್ತಿಲ್ಲ ಸಾರ್" ಎಂದ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಅದು ಮುಖದಲ್ಲೇ ಕಂಡಿತು. ನಾನು ಅದನ್ನೇ ತಪ್ಪೊಪ್ಪಿಗೆ ಎಂದುಕೊಂಡೆ. ಅಂದು ಮಧ್ಯಾಹ್ನವೇ ಟ್ರಂಕು ಹೊತ್ತು ಹೊರಟುಹೋದ. ಅಜ್ಜಿ ಊಟ ಮಾಡಿಕೊಂಡು ಹೋಗು ಎಂದು ಬೇಲಿಯವರೆಗೆ ಹಿಂದೆ ಹೋದಳು. ನಿಲ್ಲಲಿಲ್ಲ.

ನಾನು ಅಲ್ಲಿಗೂ ಬಿಡಲಿಲ್ಲ. ಸಂಜೆ ಆ ಟೀ ಅಂಗಡಿಗೆ ಹೋಗಿ ನನ್ನ ಪತ್ತೇದಾರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಎರಡು ದಿನದಲ್ಲಿ ಯಶವಂತಪುರದಿಂದ ನೆಲಮಂಗಲದವರೆಗೆ ಯಾವ ಲಾರಿ ಮಾಲೀಕನನ್ನು ಕೇಳಿದರೂ, 'ಓ, ಡೀಸೆಲ್‌ಗೆ ನೀರು ಹಾಕೋನಾ?' ಎನ್ನುವಂತಾಯಿತು. ತಳದ ನಟ್ಟಿಗೆ ಹೊಸ ಮುದ್ರೆ ಒತ್ತಿದೆ. ಆ ವಾರ ಬಹಳ ಚೆನ್ನಾಗಿ ನಿದ್ದೆ ಬಂತು ಎಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬದಲಿ ಡ್ರೈವರು ಬಂದ. ಹೊಸ ಪಂಪು ಒಂದು ತಿಂಗಳು ಹಕ್ಕಿಯ ಹಾಗೆ ಹಾರಿತು. ಆಮೇಲೆ ಒಂದು ಗುರುವಾರ, ಅದೇ ಏರಿನಲ್ಲಿ, ಅದೇ ಟೀ ಅಂಗಡಿಯ ಎದುರು, ಅದೇ ರೀತಿ ಬಿಕ್ಕಿ ನಿಂತಿತು. ಅಂಗಡಿಯವನು ಹಳೆಯ ಗಿರಾಕಿ ಬಂದಂತೆ ನನಗೊಂದು ಲೋಟ ಎತ್ತಿಟ್ಟ.

ಮೇಸ್ತ್ರಿ ಬಂದು ಬಿಚ್ಚಿದ. ತುಕ್ಕು. ಹಳದಿ ಕೆಸರು. ನೀರು.

"ಕಳ್ಳ ಹೋದ, ನೀರು ಹೋಗ್ಲಿಲ್ಲ. ಗಂಧಕಾನೂ ಇದೆ ಸಾರ್" ಎಂದ ಮೇಸ್ತ್ರಿ. ಅವನ ಮುಖದಲ್ಲಿ ನಗು ಇರಲಿಲ್ಲ, ಅದು ಇನ್ನೂ ಕಷ್ಟವಾಯಿತು. ಇನ್ನೊಂದು ಪಂಪು ಹುಡುಕಿಕೊಂಡು ಸೋಮವಾರ ಬರುತ್ತೇನೆ ಎಂದು ಹೋದ.

ಮಾರನೆಯ ದಿನ ಶುಕ್ರವಾರ. ಲಾರಿಯನ್ನು ಎಳೆಸಿ ತಂದು ಮರದ ಕೆಳಗೆ ನಿಲ್ಲಿಸಿದ್ದೆವು. ನಾನು ಜಗಲಿಯ ಮೇಲೆ ಪುಸ್ತಕ ತೆರೆದು ಹನ್ನೊಂದನೆಯ ಕಾರಣ ಓದುತ್ತ ಕೂತಿದ್ದೆ. ಸಂಜೆಯ ಬಿಸಿಲು ಇನ್ನೂ ಇತ್ತು. ಅಜ್ಜಿ ಗುಡಿಯಿಂದ ಚೊಂಬು ಹಿಡಿದು ಬಂದಳು. ಬಾನೆಟ್ಟಿಗೆ ಕುಂಕುಮ ಇಟ್ಟಳು. ಮೂರು ಸುತ್ತು ಬಂದಳು. ಟ್ಯಾಂಕಿನ ಮುಂದೆ ನಿಂತು, ಸೆರಗಿನಿಂದ ಮುಚ್ಚಳ ಹಿಡಿದು ತಿರುಗಿಸಿ ತೆಗೆದು, ಕಣ್ಣು ಮುಚ್ಚಿ ಏನೋ ಗೊಣಗಿ, ಚೊಂಬಿನಲ್ಲಿದ್ದ ಅರಿಶಿನದ ತೀರ್ಥವನ್ನೆಲ್ಲ ಒಳಕ್ಕೆ ಸುರಿದಳು. ಮುಚ್ಚಳ ಹಾಕಿ ಕೈ ಮುಗಿದಳು.

ಏಳು ವರ್ಷದಿಂದ, ಪ್ರತಿ ಶುಕ್ರವಾರ, ಹಾಡಹಗಲು, ನಮ್ಮೆಲ್ಲರ ಕಣ್ಣೆದುರು.

"ಅಜ್ಜೀ! ಟ್ಯಾಂಕಿಗೆ ನೀರು ಹಾಕ್ತೀಯಾ?" ಎಂದು ಕಿರುಚಿದೆ.

"ತೀರ್ಥಾನ ನೀರು ಅಂತೀಯಲ್ಲೋ, ನಾಲ್ಗೆ ಬಿದ್ದೋಗ್ತದೆ!" ಎಂದು ನನಗಿಂತ ಜೋರಾಗಿ ಬೈದಳು. "ಲಾರಿ ನಿಂತೋಗ್ತದೆ ಅಂತಲೇ ಈ ನಡುವೆ ಚೊಂಬು ತುಂಬ ತತ್ತಾ ಇವ್ನಿ. ಮೊದ್ಲು ಮುಕ್ಕಾಲು ಹಾಕ್ತಿದ್ದೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ. ಅಪ್ಪನಿಗೆ ಹೇಳಿದಾಗ "ನಿನ್ನ ಓದಿಸಿದ್ದು ನನ್ನ ತಪ್ಪು. ಹೋಗಿ ಅವನ್ನ ಕರ್ಕೊಂಡ್ ಬಾ" ಎಂದರು.

ವಿಚಾರಿಸಿದಾಗ ತುಮಕೂರು ರಸ್ತೆಯಲ್ಲಿ ಯಾರೂ ಕೆಲಸ ಕೊಡದೆ ಅವನು ನಗರದ ಇನ್ನೊಂದು ತುದಿಗೆ ಹೋಗಿದ್ದಾನೆಂದು ತಿಳಿಯಿತು. ಮೂರು ಬಸ್ಸು ಬದಲಾಯಿಸಿ ವೈಟ್‌ಫೀಲ್ಡಿಗೆ ಹೋದೆ. ಹೆಂಚಿನ ಬಂಗಲೆಗಳ ಬೇಲಿ ದಾಟಿ ಒಂದು ಕಾರ್ಖಾನೆ. ಗೇಟಿನ ಹೊರಗೆ ಕೆಲಸಗಾರರ ಬಸ್ಸು ನಿಂತಿತ್ತು. ಅವನು ಮೆಟ್ಟಿಲ ಮೇಲೆ ಕೂತು ಪುರಿ ತಿನ್ನುತ್ತಿದ್ದ.

"ಏನ್ ಸಾರ್, ಇಷ್ಟು ದೂರ? ಲಾರಿ ನಿಂತೋಯ್ತಾ?"

"ನಿಂತಿದೆ."

"ಅದೇ ಏರಲ್ಲಾ?"

"ಅದೇ ಏರಲ್ಲಿ. ಅಣ್ಣ, ನಾನು ನೆನ್ನೆ ಅಜ್ಜಿನ ನೋಡ್ದೆ. ತೀರ್ಥ ಹಾಕೋದ್ನ."

ಅವನು ಪುರಿ ತಿನ್ನುವುದನ್ನು ನಿಲ್ಲಿಸಿದ. ಗಾಬರಿಯಿಂದ, "ಅವ್ವಂಗೆ ಏನಾದ್ರೂ ಅಂದ್ಯಾ?" ಎಂದ.

"ನಾನೆಲ್ಲಿ ಅನ್ನೋದು. ಅವಳೇ ನನಗಂದ್ಲು."

ಅವನಿಗೆ ನಗು ಬಂತು. ನನಗೆ ಬರಲಿಲ್ಲ. "ನಿನಗೆ ಮೊದಲಿಂದ್ಲೂ ಗೊತ್ತಿತ್ತು. ಶನಿವಾರ ಬಿಡ್ತಿದ್ದದ್ದು ಅದನ್ನೇ. ಅವತ್ತು ಒಂದ್ ಮಾತು ಹೇಳಿದ್ರೆ ಆಗ್ತಿತ್ತಲ್ಲ ಅಣ್ಣ? ಕಳ್ಳ ಅನ್ನಿಸ್ಕೊಂಡು ಯಾಕೆ ಹೋದೆ?"

"ಅವ್ವ ತೀರ್ಥ ಹಾಕೋವಾಗ ಏನ್ ಹೇಳ್ತದೆ ಅಂತ ಯಾವತ್ತಾದ್ರೂ ಹತ್ರ ನಿಂತು ಕೇಳಿದ್ದೀಯಾ?"

ಇಲ್ಲ ಎಂದೆ.

"ನನ್ನ ಹೆಸರು ಹೇಳ್ತದೆ. 'ತಾಯೀ, ಇವ್ನು ಹೋದಂಗೇ ತಿರುಗಿ ಬರ್ಲಿ' ಅಂತ. ದೇವರ ಮುಂದೆ ನನ್ನ ಹೆಸರು ಹೇಳೋರು ಈ ಭೂಮಿ ಮ್ಯಾಲೆ ಇನ್ಯಾರವ್ರೆ? 'ನಿನ್ನ ತೀರ್ಥದಿಂದ್ಲೇ ಪಂಪು ಕೆಟ್ಟೋಯ್ತು' ಅಂತ ಆ ಯಮ್ಮಂಗೆ ನಾನು ಹೆಂಗ್ ಹೇಳ್ಲಿ? ಒಂದ್ ಚೊಂಬು ನೀರು. ಶನಿವಾರ ಬಿಟ್ರೆ ಮುಗೀತು. ಏಳು ವರ್ಷ ಏನಾಗಿತ್ತು ಪಂಪಿಗೆ?"

ಏನೂ ಆಗಿರಲಿಲ್ಲ. ನಾನು ಬಂದು ಮುದ್ರೆ ಹಾಕುವವರೆಗೆ ಪಂಪಿಗೆ ಏನೂ ಆಗಿರಲಿಲ್ಲ. ನನಗೆ ಅಳು ಬಂತು, ಕಾರ್ಖಾನೆಯ ಗೇಟಿನ ಎದುರೇ ಅತ್ತೆ.

"ಬಂದ್ಬಿಡು ಅಣ್ಣ. ಅಪ್ಪ ಕರ್ಕೊಂಡೇ ಬಾ ಅಂದಿದ್ದಾರೆ."

"ಬರಾಕಿಲ್ಲ ಮಗಾ. ಆ ರೋಡಲ್ಲಿ ಈಗ ನನ್ನ ಮುಖ ನೋಡೋಕ್ ಮೊದ್ಲು ನನ್ನ ಕೈ ನೋಡ್ತಾರೆ. ಇಲ್ಲಿ ಚೆನ್ನಾಗೈತೆ. ಹೊಸ ಬಸ್ಸು. ಟ್ಯಾಂಕಿಗೆ ಯಾರೂ ತೀರ್ಥ ಹಾಕಲ್ಲ." ಪುರಿಯ ಪೊಟ್ಟಣ ಮಡಚುತ್ತ, "ಅದೊಂದೇ ಬೇಜಾರು" ಎಂದ.

ಶಿಫ್ಟಿನ ಸೈರನ್ ಕೂಗಿತು. ಬಸ್ಸು ಹತ್ತುವ ಮೊದಲು ಅವನು ಕೆಲಸ ಕಲಿಸಿಕೊಟ್ಟ. ಲಾರಿ ಅಲುಗಾಡುವ ಮೊದಲೇ ಬಿಡಬೇಕು, ಓಡಿದ ಮೇಲೆ ಕಲಸಿಹೋಗುತ್ತದೆ. ಬೆರಳಿಗೆ ತಗೊಂಡು ಉಜ್ಜಿ ನೋಡಬೇಕು. ಜಾರಿದರೆ ಡೀಸೆಲ್, ಜಾರದಿದ್ದರೆ ನೀರು. "ಆಮೇಲೆ ಅದ್ನ ತುಳಿಯೋ ಜಾಗದಾಗೆ ಚೆಲ್ಬೇಡ. ಏನೇ ಆದ್ರೂ ತೀರ್ಥ. ಮರದ ಬುಡಕ್ಕೆ ಹಾಕು. ಅವ್ವಂಗೆ ಮಾತ್ರ ಗೊತ್ತಾಗೋದ್ ಬೇಡ."

ಮೂರು ವರ್ಷದ ಪಾಲಿಟೆಕ್ನಿಕ್ಕಿನಲ್ಲಿ ಯಾರೂ ಹೇಳಿಕೊಡದಿದ್ದ ಪಾಠ ಮೂರು ನಿಮಿಷದಲ್ಲಿ ಮುಗಿಯಿತು.

ಟೀ ಅಂಗಡಿಗೆ ಹೋಗಿ, ಡ್ರೈವರಣ್ಣ ಕದ್ದಿರಲಿಲ್ಲ, ತಪ್ಪು ನನ್ನದು, ನೀರು ಬಿಡುವ ನಟ್ಟಿಗೆ ಮುದ್ರೆ ಹಾಕಿ ಎರಡು ಪಂಪು ಹಾಳು ಮಾಡಿದವನು ನಾನೇ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ನೀರು ಎಲ್ಲಿಂದ ಬರುತ್ತಿತ್ತು ಎಂದರು. ಹಳೇ ಲಾರಿ ಅಲ್ವಾ ಎಂದೆ. ಅವರು ತಲೆಯಾಡಿಸಿ ಟೀ ಕುಡಿದರು. ಕಳ್ಳತನದ ಸುದ್ದಿ ಎರಡು ದಿನದಲ್ಲಿ ನೆಲಮಂಗಲ ಮುಟ್ಟಿತ್ತು. ನನ್ನ ಈ ಮಾತು ಆ ಅಂಗಡಿಯ ಬೆಂಚು ದಾಟಿದ್ದನ್ನು ನಾನು ಕಾಣಲಿಲ್ಲ. ವಾರಕ್ಕೊಮ್ಮೆ ಹೋಗಿ ಮತ್ತೆ ಮತ್ತೆ ಹೇಳುತ್ತಿದ್ದೆ, ಓದಿ ಓದಿ ತಲೆ ಕೆಟ್ಟಿದೆ ಪಾಪ ಎಂದು ಅಂಗಡಿಯವನು ಅಂದದ್ದೂ ಕಿವಿಗೆ ಬಿತ್ತು.

ಸೀಸದ ಮುದ್ರೆಯನ್ನು ಕಿತ್ತು ಬಿಸಾಡಿ ಟ್ಯಾಂಕಿನ ನೀರನ್ನೆಲ್ಲ ಬಿಟ್ಟ ಮೇಲೆ ಮೇಸ್ತ್ರಿ ಮೂರನೆಯ ಪಂಪು ಕೂರಿಸಿದ. ನಾನು ಪಕ್ಕದಲ್ಲಿ ನಿಂತು ಬೀಡಿಗೆ ಬೆಂಕಿ ಕೊಟ್ಟೆ. ಬದಲಿ ಡ್ರೈವರು ಬಿಟ್ಟುಹೋದದ್ದರಿಂದ ಲೈಸೆನ್ಸು ಮಾಡಿಸಿ, ಕೆಲಸದ ಕಾಗದ ಬರುವವರೆಗೆ ನಾನೇ ಲಾರಿ ಓಡಿಸುವುದೆಂದಾಯಿತು.

ಲೈಸೆನ್ಸು ಬಂದ ವಾರದ ಶುಕ್ರವಾರ ಅಜ್ಜಿ ಚೊಂಬು ಹಿಡಿದು ಬಂದಾಗ ನಾನು ಚಪ್ಪಲಿ ಬಿಟ್ಟು ಟ್ಯಾಂಕಿನ ಪಕ್ಕದಲ್ಲೇ ನಿಂತೆ. ಮೂರು ಸುತ್ತು ಬಂದಳು. ನಾನೇ ಮುಚ್ಚಳ ತೆಗೆದುಕೊಟ್ಟೆ. ಕಣ್ಣು ಮುಚ್ಚಿ ಗೊಣಗಿದಳು. ಈ ಸಲ ಕಿವಿಗೊಟ್ಟು ಕೇಳಿದೆ. ಡ್ರೈವರಣ್ಣನ ಹೆಸರೇ.

"ಅಜ್ಜಿ, ಅವನು ಈಗ ನಮ್ಮ ಲಾರಿ ಓಡಿಸ್ತಿಲ್ಲ."

"ಗೊತ್ತು ಕಣ್ಲಾ. ಎಲ್ಲೋ ಒಂದ್ ಗಾಡಿ ಓಡಿಸ್ತಾ ಇರ್ತಾನಲ್ಲ. ತಾಯಿಗೆ ಗಾಡಿ ಯಾವ್ದಾದ್ರೇನು?"

"ಈಗ ಓಡಿಸೋನು ನಾನು. ನನ್ನ ಹೆಸರು?"

ಅವಳು ಚೊಂಬನ್ನು ಬೋರಲು ಮಾಡಿ ಕೊನೆಯ ಹನಿಯನ್ನೂ ಟ್ಯಾಂಕಿಗೆ ಬೀಳಿಸಿದಳು.

"ನೀನು ಓದಿರೋನು. ನಿಂಗ್ಯಾಕೆ?"

ಮರುದಿನ ಬೆಳಿಗ್ಗೆ ಅಜ್ಜಿ ಹಿತ್ತಲಿಗೆ ಹೋದ ಸಮಯ ನೋಡಿ ಟ್ಯಾಂಕಿನ ಅಡಿಗೆ ತೂರಿದೆ. ಮುದ್ರೆಯಿಲ್ಲದ ನಟ್ಟನ್ನು ಎರಡು ಸುತ್ತು ಸಡಿಲಿಸಿದೆ. ಹಳದಿ ನೀರು ಮೊಣಕೈವರೆಗೆ ಇಳಿದು ಡಬ್ಬಿಗೆ ಬಿತ್ತು. ಬೆರಳಿಗೆ ತಗೊಂಡು ಉಜ್ಜಿ ನೋಡುತ್ತ, ಜಾರುವವರೆಗೂ ಬಿಟ್ಟೆ. ಆಮೇಲೆ ಡಬ್ಬಿಯನ್ನು ಹೊಂಗೆ ಮರದ ಬುಡಕ್ಕೆ ಒಯ್ದು, ಎಲೆ ಬಾಡಿದ ಪಕ್ಕಕ್ಕೇ ಹಾಕಿ, ಒಂದು ಸಲ ಅವನ ಹೆಸರು ಹೇಳಿ ಬಂದೆ.